ಕುದಿಸಿದರೂ ಸಾಯದ ಕಿಣ್ವ: ಸೀರಿಯಂ ನ್ಯಾನೊಕಣ ತಯಾರಿಸಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪ್ರತಿ ಮಳೆಗಾಲ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಎಂ.ಎಸ್ಸಿ. ಓದಲು ಬರುವ ಮಕ್ಕಳಲ್ಲಿ ನಾಲ್ಕೈದು ಮಂದಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಲ್ಯಾಬಿನಲ್ಲಿ ಕನ್ನಡ ಮಾತಾಡುವ ಮೇಡಂ ಒಬ್ಬರಿದ್ದಾರೆ ಎಂಬ ಸುದ್ದಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟುತ್ತದೆ. ಈಚೆಗೆ ಅವರಲ್ಲಿ ಬಹಳ ಮಂದಿಯ ಪ್ರಾಜೆಕ್ಟು ಒಂದೇ: ನ್ಯಾನೊಜೈಮ್. ಅಂದರೆ ಕಿಣ್ವದ ಕೆಲಸ ಮಾಡುವ ನ್ಯಾನೊಕಣ. ಓದಲು ಸಿಗುವುದೆಲ್ಲ ಇಂಗ್ಲಿಷಿನಲ್ಲಿದೆ. ಅದರಲ್ಲೂ ಕಣ ಮಾಡುವ ವಿಧಾನ ಎರಡು ಸಾಲು, ಅದರ ಹೊಗಳಿಕೆ ಹತ್ತು ಪುಟ. ಯಾವ ಹಂತದಲ್ಲಿ ಕೈ ಜಾರುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಆ ಮಕ್ಕಳಿಗೆ ನಾನು ಬೆಂಚಿನ ಪಕ್ಕ ನಿಂತು ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಪದವಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬು ಇದ್ದರೆ ಮುಕ್ಕಾಲು ಪಾಲು ಅಲ್ಲೇ ಮಾಡಬಹುದು.

ಮೊದಲೇ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಇಲ್ಲಿ ತಯಾರಾಗುವುದು ಪರೀಕ್ಷಾನಳಿಕೆಯಲ್ಲಿ ನೋಡುವ ವಸ್ತು. ಔಷಧಿಯಲ್ಲ, ಟಾನಿಕ್ ಅಲ್ಲ, ಮೈಗೆ ಹಚ್ಚುವ ಕ್ರೀಮೂ ಅಲ್ಲ.

ಕಣಕ್ಕೆ ಯಾವ ಕೆಲಸ ಒಪ್ಪಿಸುತ್ತಿದ್ದೇವೆ?

ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಕೊನೆಗೆ ನೀರಾಗುತ್ತದೆ. ಒಂದಿಷ್ಟು ಮಾತ್ರ ದಾರಿಯಲ್ಲೇ ಒಂದು ಎಲೆಕ್ಟ್ರಾನು ಹೆಚ್ಚಿಗೆ ಹೊತ್ತು ಸೂಪರ್‌ಆಕ್ಸೈಡ್ ಆಗುತ್ತದೆ. ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಈ ಕಿಣ್ವದ ಕೆಲಸವನ್ನು 1969ರಲ್ಲಿ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ತೋರಿಸಿಕೊಟ್ಟರು. ಮುಂದೆ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗ್ಲೂಟಾಥಯೋನ್ ಪೆರಾಕ್ಸಿಡೇಸ್ ಎಂಬ ಮೂರನೆಯದು ಜೀವಕೋಶದಲ್ಲಿರುವ ಗ್ಲೂಟಾಥಯೋನ್ ಎಂಬ ಸಣ್ಣ ಅಣುವನ್ನು ಖರ್ಚು ಮಾಡಿ ಅದೇ ಪೆರಾಕ್ಸೈಡನ್ನು ತೆಗೆಯುತ್ತದೆ. ಈ ಸಾಲಿನಲ್ಲಿ ಎಲ್ಲಿಯಾದರೂ ತಡೆಯಾಗಿ, ಪೆರಾಕ್ಸೈಡು ಸಡಿಲವಾಗಿರುವ ಕಬ್ಬಿಣದ ಅಯಾನಿಗೆ ಸಿಕ್ಕಿತೆನ್ನಿ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಹುಟ್ಟಿದ ಜಾಗದಲ್ಲೇ ಡಿಎನ್‌ಎ, ಪ್ರೋಟೀನು, ಕೊಬ್ಬು ಏನು ಸಿಕ್ಕಿದರೂ ಸುಡುತ್ತದೆ. ಅದನ್ನು ಹಿಡಿದು ಹಾಕುವ ಕಿಣ್ವ ದೇಹದಲ್ಲಿ ಇಲ್ಲವೇ ಇಲ್ಲ.

ಹಾಗೆಂದು ಈ ಅಣುಗಳೆಲ್ಲ ಶತ್ರುಗಳಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲಲು ಸೂಪರ್‌ಆಕ್ಸೈಡನ್ನು ಬೇಕೆಂದೇ ಉತ್ಪಾದಿಸುತ್ತವೆ. ಆ ಶಕ್ತಿ ಹುಟ್ಟಿನಿಂದ ಇಲ್ಲದ ಮಕ್ಕಳಿಗೆ ಮೇಲಿಂದ ಮೇಲೆ ಸೋಂಕು ತಗಲುತ್ತದೆ. ಆದ್ದರಿಂದ ಕಣಕ್ಕೆ ಒಪ್ಪಿಸುವ ಕೆಲಸ ‘ಎಲ್ಲವನ್ನೂ ಅಳಿಸು’ ಎಂಬುದಲ್ಲ, ‘ಹೆಚ್ಚಾದದ್ದನ್ನು ಇಳಿಸು, ಇಳಿಸುವಾಗ ಹೊಸ ವಿಷ ಹುಟ್ಟಿಸಬೇಡ’ ಎಂಬುದು. ಈ ಮಾರ್ಗದರ್ಶಿಯ ಹಂತ 8 ಇಡೀ ಆ ಎರಡನೆಯ ಮಾತಿಗೇ ಮೀಸಲು.

2007ರವರೆಗೂ ಕಬ್ಬಿಣದ ಆಕ್ಸೈಡಿನ ಕಣವೆಂದರೆ ತಾನಾಗಿ ಏನೂ ಮಾಡದ ಜಡವಸ್ತು ಎಂದೇ ಎಣಿಸುತ್ತಿದ್ದರು. ಆ ವರ್ಷ ಚೀನಾದ ಷಿಯುನ್ ಯಾನ್ ಅವರ ತಂಡ ಅದು ಪೆರಾಕ್ಸಿಡೇಸ್ ಕಿಣ್ವದಂತೆ ನಡೆದುಕೊಳ್ಳುತ್ತದೆ ಎಂದು ತೋರಿಸಿತು. ಸೀರಿಯಂ ಎಂಬ ಲೋಹದ ಆಕ್ಸೈಡು ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸಿನ ಕೆಲಸ ಮಾಡುತ್ತದೆ ಎಂಬ ವರದಿಯೂ ಅದೇ ವರ್ಷ ಬಂತು, ಕ್ಯಾಟಲೇಸ್ ಕೆಲಸದ ವರದಿ 2010ರಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೋವಿಂದಸಾಮಿ ಮುಗೇಶ್ ಮತ್ತು ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡಗಳು 2014ರಲ್ಲಿ ವನೇಡಿಯಂ ಪೆಂಟಾಕ್ಸೈಡಿನ ನ್ಯಾನೊ ತಂತಿ ಗ್ಲೂಟಾಥಯೋನ್ ಪೆರಾಕ್ಸಿಡೇಸಿನಂತೆ ಜೀವಕೋಶವನ್ನು ಕಾಯುತ್ತದೆ ಎಂದು ತೋರಿಸಿದವು. 2017ರಲ್ಲಿ ಅವರ ಮ್ಯಾಂಗನೀಸ್ ಆಕ್ಸೈಡ್ ಕಣ ಮೂರೂ ಕಿಣ್ವಗಳ ಕೆಲಸವನ್ನು ಒಂದೇ ಮೈಯಲ್ಲಿ ಮಾಡಿತು. ವನೇಡಿಯಂ ಆಕ್ಸೈಡು ಸಾಮಾನ್ಯ ಪುಡಿಯಾಗಿ ವಿಷವೇ. ಆಕಾರ ಮತ್ತು ಮೇಲ್ಮೈ ಬದಲಾದರೆ ಗುಣ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಾನು ಕ್ಲಾಸಿನಲ್ಲಿ ಕೊಡುವ ಮೊದಲ ಉದಾಹರಣೆ ಅದು.

ನಾವು ಇಲ್ಲಿ ಸೀರಿಯಂ ಆಕ್ಸೈಡನ್ನು ಆರಿಸಿಕೊಳ್ಳೋಣ. ತಯಾರಿಸಲು ಸುಲಭ, ಬಣ್ಣದಲ್ಲೇ ತನ್ನ ಸ್ಥಿತಿ ಹೇಳುತ್ತದೆ. ಕಣದ ಮೇಲ್ಮೈಯಲ್ಲಿರುವ ಸೀರಿಯಂ ಮೂರು ಧನಾವೇಶ ಮತ್ತು ನಾಲ್ಕು ಧನಾವೇಶದ ನಡುವೆ ಹೋಗಿಬಂದು ಮಾಡುತ್ತಿರುತ್ತದೆ. ಮುಂದೆ ಅವನ್ನು ಸೀರಿಯಂ-3, ಸೀರಿಯಂ-4 ಎನ್ನುತ್ತೇನೆ. ಮೇಲ್ಮೈಯಲ್ಲಿ ಸೀರಿಯಂ-3 ಹೆಚ್ಚಿದ್ದರೆ ಡಿಸ್ಮ್ಯೂಟೇಸ್ ಗುಣ ಮುಂದು, ಸೀರಿಯಂ-4 ಹೆಚ್ಚಿದ್ದರೆ ಕ್ಯಾಟಲೇಸ್ ಗುಣ ಮುಂದು.

ಹಂತ 1: ಬಟಾಟೆಯಿಂದ ಶುರು

ಔಷಧ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಎರಡು ಗಾಜಿನ ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಒಂದಕ್ಕೆ ಹಸಿ ಬಟಾಟೆಯ ಹೋಳು, ಇನ್ನೊಂದಕ್ಕೆ ಚೆನ್ನಾಗಿ ಬೇಯಿಸಿ ಆರಿಸಿದ ಹೋಳು. ಹಸಿಯದು ಕೂಡಲೇ ನೊರೆ ಕಟ್ಟುತ್ತದೆ, ಬೆಂದದ್ದು ಸುಮ್ಮನೆ ಬಿದ್ದಿರುತ್ತದೆ. ಬಟಾಟೆಯ ಕ್ಯಾಟಲೇಸು ಪ್ರೋಟೀನು. ಶಾಖಕ್ಕೆ ಅದರ ಮಡಿಕೆ ಬಿಚ್ಚಿಕೊಂಡಿತು, ಕೆಲಸ ನಿಂತಿತು.

ಈ ಆಟವನ್ನು ಬಿಡಬೇಡಿ. ಕಿಣ್ವದ ಮೇಲೆ ಕೆಲಸ ಮಾಡುವವರು ‘ಕುದಿಸಿದ ಮಾದರಿ’ಯನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ: ಕುದಿಸಿದ ಮೇಲೂ ಚಟುವಟಿಕೆ ಉಳಿದರೆ ಅದು ಕಿಣ್ವದ್ದಲ್ಲ ಎಂದು ಗೊತ್ತಾಗುತ್ತದೆ. ನಮ್ಮ ಕಣ ಕುದಿಸಿದರೂ ಕೆಲಸ ಮಾಡುತ್ತದೆ. ಅದೇ ಅದರ ಹೆಚ್ಚುಗಾರಿಕೆ, ಅದೇ ನಮ್ಮ ತಲೆನೋವು. ಕುದಿಸಿ ಹೋಲಿಸುವ ದಾರಿ ಮುಚ್ಚಿಹೋದ್ದರಿಂದ ಬೇರೆ ಹೋಲಿಕೆಗಳನ್ನು ಒಂದೊಂದಾಗಿ ಕಟ್ಟಬೇಕು.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್, ಶೇ. 25ರ ಅಮೋನಿಯಾ ದ್ರಾವಣ, ಶೇ. 30ರ ಪೆರಾಕ್ಸೈಡ್, ಟ್ರಿಸ್ ಬಫರ್ (ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ), ಪೊಟ್ಯಾಸಿಯಂ ಪರ್ಮಾಂಗನೇಟ್, ತೆಳು ಸಲ್ಫ್ಯೂರಿಕ್ ಆಮ್ಲ, ಟೆರಿಫ್ತಾಲಿಕ್ ಆಮ್ಲ, ರೈಬೋಫ್ಲೇವಿನ್, ಮೀಥಿಯೋನಿನ್, ಎನ್‌ಬಿಟಿ ಎಂಬ ಹಳದಿ ಬಣ್ಣದ ಪುಡಿ, ಫೆರಸ್ ಸಲ್ಫೇಟ್. ಯಂತ್ರಗಳಲ್ಲಿ ಮ್ಯಾಗ್ನೆಟಿಕ್ ಸ್ಟರರ್, ಸೆಂಟ್ರಿಫ್ಯೂಜ್, ಸ್ಪೆಕ್ಟ್ರೋಫೋಟೋಮೀಟರ್.

ಸೀರಿಯಂ ನೈಟ್ರೇಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜುಲೈಯಲ್ಲಿ ಪುಣೆಯ ಮಳೆ ಹಿಡಿದ ದಿನ ಸೀಸೆ ತೆರೆದಿಟ್ಟು ಫೋನಿನಲ್ಲಿ ಮಾತಾಡಿ ಬಂದರೆ, ತಕ್ಕಡಿಯ ಮೇಲಿನ ಹರಳು ಒದ್ದೆ ಸಕ್ಕರೆಯಂತೆ ಅಂಟಿಕೊಂಡಿರುತ್ತದೆ. ಅಂಥ ದಿನ ತೂಗಿದ 2.17 ಗ್ರಾಮಿನಲ್ಲಿ ನೀರೆಷ್ಟು, ಲವಣವೆಷ್ಟು ಎಂದು ಹೇಳಲಾಗದು. ಸೀಸೆಯನ್ನು ತೇವ ತಗಲದಂತೆ ಇಡುವ ಡೆಸಿಕೇಟರ್ ಪಾತ್ರೆಯಲ್ಲಿ ಇಡಿ, ಬೇಗ ತೂಗಿ, ಬೇಗ ಮುಚ್ಚಿ.

ಅಮೋನಿಯಾ ಕೆಲಸವೆಲ್ಲ ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡಾದ ಫ್ಯೂಮ್ ಹುಡ್ ಒಳಗೆ. ಶೇ. 30ರ ಪೆರಾಕ್ಸೈಡು ಚರ್ಮಕ್ಕೆ ಸೋಕಿದರೆ ಬಿಳಿ ಕಲೆ ಮೂಡಿ ಉರಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಕಣಗಳನ್ನು ಆದಷ್ಟು ನೀರಿನಲ್ಲೇ ಇರಿಸಿ. ಒಣಗಿದ ನ್ಯಾನೊಪುಡಿ ಗಾಳಿಗೆ ಏರಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಸಿಂಕಿಗೆ ಸುರಿಯದೆ ಲೋಹದ ತ್ಯಾಜ್ಯದ ಡಬ್ಬಿಗೆ ಹಾಕಿ.

ಹಂತ 3: ಕಣ ತಯಾರಿಸಿ

2.17 ಗ್ರಾಂ ಸೀರಿಯಂ ನೈಟ್ರೇಟನ್ನು 100 ಮಿಲಿ ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಇದು 0.05 ಮೋಲಾರ್ ದ್ರಾವಣ, ನೀರಿನಷ್ಟೇ ತಿಳಿ. ಸ್ಟರರ್ ಜೋರಾಗಿ ತಿರುಗುತ್ತಿರಲಿ. ಅಮೋನಿಯಾವನ್ನು ಹನಿ ಹನಿಯಾಗಿ ಬಿಡಿ, ಪಿಎಚ್ ಕಾಗದ 10 ತೋರಿಸುವವರೆಗೆ.

ಈಗ ಬೀಕರಿನಿಂದ ಕಣ್ಣು ತೆಗೆಯಬೇಡಿ. ಮೊದಲ ಹನಿಗಳಿಗೆ ಬಿಳಿ ಗಸಿ ಏಳುತ್ತದೆ, ಅದು ಸೀರಿಯಂ-3ರ ಹೈಡ್ರಾಕ್ಸೈಡ್. ಗಾಳಿಯ ಆಮ್ಲಜನಕ ತಗುಲುತ್ತಿದ್ದಂತೆ ಮಾಸಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೀರಿಯಂನ ಎರಡೂ ಸ್ಥಿತಿಗಳು ಒಂದೇ ಕಡೆ ಬೆರೆತಿರುವ ಗುರುತು ಅದು. ಆಮೇಲೆ ಅಂಚಿನಿಂದ ಶುರುವಾಗಿ ತಿಳಿ ಹಳದಿ. ಕಳೆದ ವರ್ಷ ಜಮಖಂಡಿ ಕಡೆಯ ಹುಡುಗಿಯೊಬ್ಬಳು ಹುಡ್ಡಿನ ಗಾಜಿಗೆ ಮುಖ ಹಚ್ಚಿ ನಿಂತು, “ಮೇಡಂ, ನೇರಳಿ ಹೋತ್ರಿ, ಹಳದಿ ಆಗಾಕತ್ತೈತಿ, ಏನರ ತಪ್ಪಾತೇನ್ರಿ?” ಎಂದು ಗಾಬರಿಯಾದಳು. “ತಪ್ಪಲ್ಲವ್ವಾ, ಅದ ಬೇಕಾಗಿದ್ದು” ಎಂದೆ. ಬಣ್ಣ ಬದಲಾದ ಸಮಯವನ್ನು ಗಡಿಯಾರ ನೋಡಿ ಬರೆದಿಡಿ. ಮುಂದಿನ ಸಲ ಅದೇ ವೇಗದಲ್ಲಿ ಬದಲಾಗದಿದ್ದರೆ ಕಲಕುವ ವೇಗವೋ ಅಮೋನಿಯಾವೋ ಬೇರೆಯಾಗಿದೆ ಎಂದು ಅರ್ಥ.

ಬೀಕರಿನ ಬಾಯಿಗೆ ಸಡಿಲವಾಗಿ ಫಿಲ್ಟರ್ ಕಾಗದ ಮುಚ್ಚಿ ರಾತ್ರಿಯಿಡೀ ತಿರುಗಲು ಬಿಡಿ. ಪೂರ್ತಿ ಮುಚ್ಚಿದರೆ ಗಾಳಿ ಸಿಗದೆ ಉತ್ಕರ್ಷಣೆ ಅರ್ಧಕ್ಕೆ ನಿಲ್ಲುತ್ತದೆ.

ಹಂತ 4: ತೊಳೆದು, ತೂಕ ತಿಳಿದುಕೊಳ್ಳಿ

ಸೆಂಟ್ರಿಫ್ಯೂಜಿನಲ್ಲಿ ಕಣಗಳನ್ನು ತಳಕ್ಕಿಳಿಸಿ, ಮೇಲಿನ ನೀರು ಚೆಲ್ಲಿ, ಹೊಸ ಬಟ್ಟಿ ನೀರಿನಲ್ಲಿ ಅಲುಗಾಡಿಸಿ, ಮತ್ತೆ ಇಳಿಸಿ. ನಾಲ್ಕೈದು ಸಲ. ಅಮೋನಿಯಂ ನೈಟ್ರೇಟು ತೊಳೆದುಹೋಗುತ್ತಿದ್ದಂತೆ ಕಣಗಳು ಒಂದನ್ನೊಂದು ಬಿಟ್ಟು ನೀರಿನಲ್ಲೇ ತೇಲತೊಡಗುತ್ತವೆ. ಮೇಲಿನ ನೀರು ತಿಳಿಯಾಗದೆ ಮಬ್ಬಾಗಿ ಉಳಿಯಿತೆಂದರೆ ತೊಳೆದದ್ದು ಸಾಕು.

ಮಬ್ಬಾಗುವ ಮುಂಚೆ, ತಿಳಿಯಾಗಿ ಬಂದ ಕೊನೆಯ ತೊಳೆತದ ನೀರನ್ನು ಸ್ವಲ್ಪ ತೆಗೆದಿಡಿ. ಅದರ ಮೇಲೆ ‘ಕಣವಿಲ್ಲದ ನೀರು’ ಎಂದು ಬರೆದು ಚೀಟಿ ಅಂಟಿಸಿ. ಇದು ಮುಂದೆ ನಿಮ್ಮ ಮಾನ ಕಾಯುತ್ತದೆ.

ಸಾಂದ್ರತೆ ತಿಳಿಯಲು 1 ಮಿಲಿ ಲೀಟರನ್ನು ಮೊದಲೇ ತೂಗಿದ ಗಾಜಿನ ತಟ್ಟೆಯಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಲೆಕ್ಕದ ಪ್ರಕಾರ ಒಟ್ಟು ಸಿಗಬೇಕಾದದ್ದು ಹೆಚ್ಚೆಂದರೆ 0.86 ಗ್ರಾಂ. ಅದಕ್ಕಿಂತ ಹೆಚ್ಚು ಬಂದರೆ ಖುಷಿಪಡಬೇಡಿ, ಅಂಟಿಕೊಂಡ ನೀರು ಅಥವಾ ತೊಳೆಯದೆ ಉಳಿದ ನೈಟ್ರೇಟು ಅದರಲ್ಲಿದೆ.

ಹಂತ 5: ಗಾತ್ರ

ಎಕ್ಸ್‌ರೇ ವಿವರ್ತನೆಗೆ ಮಾದರಿ ಕಳಿಸಿ. ಪುಣೆಯಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ: ಪಾಷಾಣ್‌ನಲ್ಲಿ 1950ರಿಂದ ಇರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅದಕ್ಕೆ ಹತ್ತಿರದಲ್ಲೇ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ (ಐಸರ್), ಗಣೇಶಖಿಂಡದಲ್ಲಿ ವಿಶ್ವವಿದ್ಯಾಲಯ. ನಿಮ್ಮ ಮಾರ್ಗದರ್ಶಕರ ಪತ್ರ ಇರಲಿ. ತಾಮ್ರದಿಂದ ಹೊರಡುವ ಎಕ್ಸ್‌ರೇ ಕಿರಣದಲ್ಲಿ 28.5, 33.1, 47.5 ಮತ್ತು 56.3 ಡಿಗ್ರಿಗಳ ಹತ್ತಿರ ಶಿಖರ ಬಂದರೆ ಅದು ಸೀರಿಯಂ ಆಕ್ಸೈಡೇ. ಶಿಖರ ಅಗಲವಾದಷ್ಟೂ ಕಣ ಚಿಕ್ಕದು. 28.5ರ ಶಿಖರದ ಅರ್ಧ ಎತ್ತರದಲ್ಲಿ ಅಗಲ 1.6 ಡಿಗ್ರಿ ಇದೆಯೆನ್ನಿ. ಅದನ್ನು ರೇಡಿಯನ್ನಿಗೆ ತಿರುಗಿಸಿದರೆ 0.0279. ಶೆರರ್ ಸೂತ್ರದಂತೆ 0.9ನ್ನು ತರಂಗಾಂತರ 0.154 ನ್ಯಾನೊಮೀಟರಿನಿಂದ ಗುಣಿಸಿ, ಆ ಅಗಲ ಮತ್ತು 14.25 ಡಿಗ್ರಿಯ ಕೊಸೈನಿನ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 5 ನ್ಯಾನೊಮೀಟರ್. ಮಕ್ಕಳು ಮರೆಯುವುದು ಎರಡೇ: ರೇಡಿಯನ್ನಿಗೆ ತಿರುಗಿಸುವುದು, ಕೋನವನ್ನು ಅರ್ಧ ಮಾಡುವುದು.

ಹಂತ 6: ಪೆರಾಕ್ಸೈಡು ಒಡೆಯುತ್ತದೆಯೇ?

ಕ್ಯಾಟಲೇಸ್ ಅಳೆಯಲು ಪಠ್ಯಪುಸ್ತಕದ ವಿಧಾನ ಇದು: ಪೆರಾಕ್ಸೈಡು 240 ನ್ಯಾನೊಮೀಟರಿನ ಬೆಳಕನ್ನು ಹೀರುತ್ತದೆ, ಅದು ಕಡಿಮೆಯಾಗುವುದನ್ನು ನೋಡು. 10 ಮಿಲಿಮೋಲಾರ್ ದ್ರಾವಣಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಸುಮಾರು 0.44 ತೋರಿಸಬೇಕು. ಶುದ್ಧ ಕಿಣ್ವಕ್ಕೆ ಈ ವಿಧಾನ ಚೆನ್ನ. ನಮ್ಮ ಕಣಕ್ಕೆ ಅಲ್ಲ. ಸೀರಿಯಂ ಆಕ್ಸೈಡು ತಾನೇ ಆ ಭಾಗದ ಬೆಳಕನ್ನು ಬಲವಾಗಿ ಹೀರುತ್ತದೆ. ಮೇಲಾಗಿ ಪೆರಾಕ್ಸೈಡು ಬಿದ್ದ ಕೂಡಲೇ ಕಣದ ಮೇಲ್ಮೈಗೆ ಅಂಟಿ ದ್ರಾವಣ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಂಟಿಕೊಂಡದ್ದು ಒಡೆದದ್ದಲ್ಲ. ವರ್ಷಗಳ ಹಿಂದೆ ನಾನು ಈ 240ರ ಅಂಕಿಗಳನ್ನೇ ನಂಬಿ ಒಂದಿಡೀ ಸೆಮಿಸ್ಟರಿನ ಗ್ರಾಫುಗಳನ್ನು ಬರೆದೆ, ಆಮೇಲೆ ಎಲ್ಲವನ್ನೂ ಕೈಬಿಡಬೇಕಾಯಿತು. ಆ ನೋವು ಇನ್ನೂ ನೆನಪಿದೆ. ನಿಮಗೆ ಅದು ಬೇಡ.

ಬದಲಿಗೆ ಹೊರಬರುವ ಆಮ್ಲಜನಕವನ್ನೇ ಅಳೆಯಿರಿ. ಅದಕ್ಕೆ ಬಣ್ಣದ ಹಂಗಿಲ್ಲ. 250 ಮಿಲಿ ಲೀಟರಿನ ಶಂಕುವಿನಾಕಾರದ ಫ್ಲಾಸ್ಕ್, ರಬ್ಬರ್ ಬಿರಡೆ, ಅದರಲ್ಲಿ ಕೊಳವೆ, ಕೊಳವೆಯ ತುದಿ ನೀರಿನ ತೊಟ್ಟಿಯಲ್ಲಿ ಬೋರಲಾಗಿ ನಿಲ್ಲಿಸಿದ ಅಳತೆಯ ಸಿಲಿಂಡರಿನ ಒಳಗೆ. ಫ್ಲಾಸ್ಕಿನಲ್ಲಿ ಪಿಎಚ್ 7.4ರ ಟ್ರಿಸ್ ಬಫರಿನಲ್ಲಿ ಕಲಸಿದ 0.1 ಮೋಲಾರ್ ಪೆರಾಕ್ಸೈಡ್ 50 ಮಿಲಿ ಲೀಟರ್. ಕಣ ಹಾಕಿ, ಬಿರಡೆ ಹಾಕಿ, ಕಲಕುತ್ತ ಐದೈದು ನಿಮಿಷಕ್ಕೆ ಅಳತೆ ಬರೆಯಿರಿ. ಕಣದ ಪ್ರಮಾಣ ಮೂರು ಬಗೆ ಇರಲಿ, ಒಂದರ ಎರಡರಷ್ಟು ಇನ್ನೊಂದು. ಪ್ರಮಾಣ ದುಪ್ಪಟ್ಟಾದರೆ ಆರಂಭದ ವೇಗವೂ ಹೆಚ್ಚುಕಡಿಮೆ ದುಪ್ಪಟ್ಟಾಗಬೇಕು.

ಪೆರಾಕ್ಸೈಡೆಲ್ಲ ಒಡೆದರೆ ಎಷ್ಟು ಅನಿಲ ಬರಬೇಕು? 50 ಮಿಲಿ ಲೀಟರಿನಲ್ಲಿ 5 ಮಿಲಿಮೋಲ್ ಪೆರಾಕ್ಸೈಡು, ಅದರಿಂದ 2.5 ಮಿಲಿಮೋಲ್ ಆಮ್ಲಜನಕ. 25 ಡಿಗ್ರಿ ಶಾಖದಲ್ಲಿ, ನೀರಾವಿಯ ಒತ್ತಡ ಕಳೆದು ಲೆಕ್ಕ ಹಾಕಿದರೆ ಮುಂಬಯಿಯ ಸಮುದ್ರ ಮಟ್ಟದಲ್ಲಿ ಸುಮಾರು 63 ಮಿಲಿ ಲೀಟರ್. ಆದರೆ ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ, ಅದೇ ಅನಿಲ ಇಲ್ಲಿ 67ರ ಮೇಲಿನ ಜಾಗ ಹಿಡಿಯುತ್ತದೆ. ಘಾಟಿ ಹತ್ತಿ ಬಂದವರು ಮುಂಬಯಿಯ ಗೆಳೆಯರ ಅಂಕಿಗೆ ತಮ್ಮದನ್ನು ಹೋಲಿಸಿ ‘ನಮ್ಮ ಕಣ ಹೆಚ್ಚು ಚುರುಕು’ ಎಂದುಕೊಳ್ಳುವುದು ಸುಲಭ. ವಾಯುಭಾರಮಾಪಕ ನೋಡಿ ಲೆಕ್ಕ ಸರಿಪಡಿಸಿ.

ಇನ್ನೊಂದು ಮೋಸ ಶಾಖದ್ದು. ಫ್ಲಾಸ್ಕಿನ ಖಾಲಿ ಜಾಗದಲ್ಲಿ 200 ಮಿಲಿ ಲೀಟರ್ ಗಾಳಿ ಇದೆ. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಅದೊಂದೇ 0.7 ಮಿಲಿ ಲೀಟರಿನಷ್ಟು ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಿಟಕಿ ಪಕ್ಕ ಇಟ್ಟರೆ ಕಣ ಹಾಕದ ಫ್ಲಾಸ್ಕಿನಿಂದಲೂ ಗುಳ್ಳೆ ಬರುತ್ತದೆ. ಫ್ಲಾಸ್ಕನ್ನು ನೀರಿನ ಬಕೆಟ್ಟಿನೊಳಗೆ ಕೂರಿಸಿ.

ಗುಳ್ಳೆಯ ಅಂಕಿಗೆ ಸಾಕ್ಷಿಯಾಗಿ ಟೈಟ್ರೇಷನ್ ಮಾಡಿ. 10 ಮಿಲಿಮೋಲಾರ್ ಪೆರಾಕ್ಸೈಡಿಗೆ ಕಣ ಹಾಕಿ, ನಿಗದಿತ ಹೊತ್ತಿಗೆ 10 ಮಿಲಿ ಲೀಟರ್ ತೆಗೆದು, ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ಪೂರ್ತಿ ಇಳಿಸಿ, ತಿಳಿನೀರಿಗೆ ತೆಳು ಸಲ್ಫ್ಯೂರಿಕ್ ಆಮ್ಲ ಹಾಕಿ 0.004 ಮೋಲಾರ್ ಪರ್ಮಾಂಗನೇಟಿನಿಂದ ನೋಡಿ. ಪೆರಾಕ್ಸೈಡು ಒಂದಿಷ್ಟೂ ಒಡೆಯದಿದ್ದರೆ ಸರಿಯಾಗಿ 10 ಮಿಲಿ ಲೀಟರ್ ಬೇಕು, ಅರ್ಧ ಒಡೆದಿದ್ದರೆ 5. ಆಮ್ಲ ಹಾಕುವುದು ಕಣ ತೆಗೆದ ಮೇಲೆಯೇ, ಮೊದಲಲ್ಲ. ಆಮ್ಲದಲ್ಲಿ ಪೆರಾಕ್ಸೈಡು ಕಣವನ್ನೇ ಕರಗಿಸುತ್ತ ತಾನೂ ಖರ್ಚಾಗುತ್ತದೆ. ಕಣಕ್ಕೆ ಸಿಟ್ರೇಟಿನ ಹೊದಿಕೆ ಕೊಟ್ಟಿದ್ದರೆ ಸಿಟ್ರೇಟೂ ಪರ್ಮಾಂಗನೇಟನ್ನು ತಿನ್ನಬಹುದು. ಅದರ ಹೋಲಿಕೆ ಬೇರೆ ಇಡಿ.

ಈ ಹಂತದಲ್ಲಿ ಪಕ್ಕಪಕ್ಕದಲ್ಲಿ ಇರಬೇಕಾದ ಫ್ಲಾಸ್ಕುಗಳು: ಬರೀ ಪೆರಾಕ್ಸೈಡು, ಬರೀ ಕಣ, ‘ಕಣವಿಲ್ಲದ ನೀರು’ ಸೇರಿಸಿದ ಪೆರಾಕ್ಸೈಡು, ಅಷ್ಟೇ ಸೀರಿಯಂ ಇರುವ ಸೀರಿಯಂ ನೈಟ್ರೇಟ್ ಸೇರಿಸಿದ ಪೆರಾಕ್ಸೈಡು. ಮೂರನೆಯದರಿಂದ ಗುಳ್ಳೆ ಬಂದರೆ ಕೆಲಸ ಮಾಡುತ್ತಿರುವುದು ನಿಮ್ಮ ಕಣವಲ್ಲ, ನೀರಿನಲ್ಲಿ ಉಳಿದ ಬೇರೇನೋ. ಗಾಜಿಗೆ ಅಂಟಿದ ಹಿಂದಿನವರ ಕಬ್ಬಿಣವೂ ಆಗಿರಬಹುದು. ಪಾತ್ರೆಗಳನ್ನು ಮೊದಲೇ ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆಯಿರಿ.

ಫಾಸ್ಫೇಟ್ ಬಫರ್ ಬಳಸಬೇಡಿ. ಲ್ಯಾಬಿನಲ್ಲಿ ಅದೇ ದೊಡ್ಡ ಸೀಸೆಯಲ್ಲಿ ಕಲಸಿಟ್ಟಿರುತ್ತಾರೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಫಾಸ್ಫೇಟು ಸೀರಿಯಂ-3ನ್ನು ಕಟ್ಟಿಹಾಕುತ್ತದೆ. ಡಿಸ್ಮ್ಯೂಟೇಸ್ ಗುಣ ಇಳಿದು ಕ್ಯಾಟಲೇಸ್ ಗುಣ ಏರುತ್ತದೆ ಎಂದು 2011ರಲ್ಲೇ ತೋರಿಸಿದ್ದಾರೆ. ಅಂದರೆ ಬಫರ್ ಬದಲಾದರೆ ಕಣದ ಗುಣವೇ ಬದಲಾಗುತ್ತದೆ.

ಇನ್ನೊಂದು ಎಚ್ಚರಿಕೆ: ಕಣ ಮತ್ತು ಪೆರಾಕ್ಸೈಡು ಬೆರೆತ ನಳಿಕೆಗೆ ಎಂದೂ ಬಿಗಿಯಾಗಿ ಮುಚ್ಚಳ ಹಾಕಬೇಡಿ. ಒಂದು ಶನಿವಾರ ಸಂಜೆ ನಾನು ಮುಚ್ಚಿಟ್ಟು ಹೋದ ಪ್ಲಾಸ್ಟಿಕ್ ನಳಿಕೆ ಸೋಮವಾರ ಸೀಳಿಹೋಗಿತ್ತು, ಹಳದಿ ಹನಿಗಳು ಛಾವಣಿಗೆ ಹಾರಿದ್ದವು. ಹತ್ತಿರ ಯಾರೂ ಇರಲಿಲ್ಲ, ಪುಣ್ಯ.

ಹಂತ 7: ಸೂಪರ್‌ಆಕ್ಸೈಡು ತಗ್ಗುತ್ತದೆಯೇ?

ಸೂಪರ್‌ಆಕ್ಸೈಡು ಸೀಸೆಯಲ್ಲಿ ಕೊಂಡು ತರುವ ಸರಕಲ್ಲ, ಅಲ್ಲೇ ಹುಟ್ಟಿಸಬೇಕು. ದುಬಾರಿ ದಾರಿ ಕ್ಸಾಂಥೀನ್ ಆಕ್ಸಿಡೇಸ್ ಕಿಣ್ವದ್ದು. ಕಾಲೇಜಿಗೆ ರೈಬೋಫ್ಲೇವಿನ್ ಸಾಕು. 2 ಮೈಕ್ರೋಮೋಲಾರ್ ರೈಬೋಫ್ಲೇವಿನ್, 13 ಮಿಲಿಮೋಲಾರ್ ಮೀಥಿಯೋನಿನ್, 75 ಮೈಕ್ರೋಮೋಲಾರ್ ಎನ್‌ಬಿಟಿ, ಟ್ರಿಸ್ ಬಫರಿನಲ್ಲಿ. ಬೆಳಕಿಗೆ ಇಟ್ಟರೆ ರೈಬೋಫ್ಲೇವಿನ್ ಸೂಪರ್‌ಆಕ್ಸೈಡು ಹುಟ್ಟಿಸುತ್ತದೆ, ಅದು ಎನ್‌ಬಿಟಿಯನ್ನು ನೀಲಿ-ನೇರಳೆ ಮಾಡುತ್ತದೆ, 560 ನ್ಯಾನೊಮೀಟರಿನಲ್ಲಿ ಅಳೆಯಬಹುದು. ಕಣ ಸೂಪರ್‌ಆಕ್ಸೈಡನ್ನು ಹಿಡಿದುಹಾಕಿದಷ್ಟೂ ನೀಲಿ ತಿಳಿ. ಬಣ್ಣವನ್ನು ಅರ್ಧಕ್ಕಿಳಿಸುವ ಪ್ರಮಾಣವನ್ನು ಒಂದು ಯೂನಿಟ್ ಎನ್ನುತ್ತಾರೆ.

ಬೆಳಕಿನ ಪೆಟ್ಟಿಗೆಯನ್ನು ನಾವೇ ಮಾಡಿಕೊಂಡೆವು. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಎರಡು ಟ್ಯೂಬ್‌ಲೈಟು, ರಟ್ಟಿನ ಪೆಟ್ಟಿಗೆ, ಒಳಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ. ನಳಿಕೆಗಳನ್ನು ಸಾಲಾಗಿಟ್ಟು ಎರಡೆರಡು ನಿಮಿಷಕ್ಕೆ ಜಾಗ ಬದಲಿಸಿ, ಇಲ್ಲದಿದ್ದರೆ ನಡುವಿನದು ಹೆಚ್ಚು ಬೆಳಕು ಕಂಡು ಹೆಚ್ಚು ನೀಲಿಯಾಗುತ್ತದೆ.

ಮೂಲ ವಿಧಾನದಲ್ಲಿ ಲೋಹದ ಅಯಾನುಗಳನ್ನು ಕಟ್ಟಿಹಾಕುವ ಇಡಿಟಿಎ ಎಂಬ ವಸ್ತು ಹಾಕುತ್ತಾರೆ. ಅದು ಸೀರಿಯಂ ಮೇಲ್ಮೈಗೂ ಅಂಟುತ್ತದೆ, ಆದ್ದರಿಂದ ನಾನು ಹಾಕುವುದಿಲ್ಲ. ಕಣ ಮಬ್ಬಾಗಿದ್ದರೆ ಬೆಳಕನ್ನೇ ಅಡ್ಡಗಟ್ಟಿ ನೀಲಿ ಕಡಿಮೆ ಮಾಡಬಹುದು. ಅದನ್ನು ಹಿಡಿಯಲು ಕಣದ ದ್ರಾವಣವನ್ನು ಬೇರೆ ಗಾಜಿನ ಪಾತ್ರೆಯಲ್ಲಿ ನಳಿಕೆಯ ಮುಂದೆ ಪರದೆಯಂತೆ ಇಟ್ಟು ನೋಡಿ. ಆಗಲೂ ನೀಲಿ ತಗ್ಗಿದರೆ ಅದು ನೆರಳಿನ ಕೆಲಸ. ನೀಲಿ ಬಣ್ಣ ಕಣಕ್ಕೆ ಅಂಟಿ ತಳಕ್ಕಿಳಿಯುವುದೂ ಉಂಟು. ನಳಿಕೆಯ ತಳವನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಿದರೆ ಕಾಣುತ್ತದೆ.

ಹಂತ 8: ಹೊಸ ವಿಷ ಹುಟ್ಟುತ್ತಿದೆಯೇ?

ಬಹಳ ಪ್ರಾಜೆಕ್ಟುಗಳು ಹಂತ 6ಕ್ಕೇ ಮುಗಿಯುತ್ತವೆ. ಪೆರಾಕ್ಸೈಡು ಕಡಿಮೆಯಾಯಿತು, ಆದ್ದರಿಂದ ಕಣ ರಕ್ಷಕ ಎಂದು ಬರೆದುಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪೆರಾಕ್ಸೈಡು ಎರಡು ದಾರಿಯಲ್ಲಿ ಕಡಿಮೆಯಾಗಬಹುದು: ನೀರು-ಆಮ್ಲಜನಕವಾಗಿ, ಇಲ್ಲವೇ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಾಗಿ. ಕಬ್ಬಿಣದ ಆಕ್ಸೈಡು ಆಮ್ಲೀಯ ವಾತಾವರಣದಲ್ಲಿ ಎರಡನೆಯ ದಾರಿ ಹಿಡಿಯುತ್ತದೆ, ತಟಸ್ಥ ಪಿಎಚ್‌ನಲ್ಲಿ ಮೊದಲನೆಯದಕ್ಕೆ ಬರುತ್ತದೆ. ಜೀವಕೋಶದ ಒಳಗೆ ಕಣ ಹೋಗಿ ಸೇರುವ ಲೈಸೋಸೋಮ್ ಚೀಲ ಆಮ್ಲೀಯವೇ. ಪಿಎಚ್ 7.4ರಲ್ಲಿ ಮಾತ್ರ ನೋಡಿ ಕಣಕ್ಕೆ ಒಳ್ಳೆಯ ಹೆಸರು ಕೊಟ್ಟರೆ ಅರ್ಧ ಕಥೆ ಮುಚ್ಚಿಟ್ಟಂತೆ.

ಟೆರಿಫ್ತಾಲಿಕ್ ಆಮ್ಲವನ್ನು ಬಹಳ ತೆಳು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇದ್ದರೆ ಅದು ಇನ್ನೊಂದು ವಸ್ತುವಾಗಿ, 315 ನ್ಯಾನೊಮೀಟರ್ ಬೆಳಕಿಗೆ 425ರ ಸುತ್ತ ನೀಲಿಯಾಗಿ ಹೊಳೆಯುತ್ತದೆ. ಫ್ಲೋರೋಮೀಟರ್ ಇಲ್ಲದಿದ್ದರೆ ಕತ್ತಲ ಕೋಣೆಯಲ್ಲಿ ಯುವಿ ದೀಪದ ಕೆಳಗೆ ಕಣ್ಣಿಗೇ ಕಾಣುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ಹೊಳಪು ಬರಲೇಬೇಕಾದ ನಳಿಕೆಯೊಂದು ಇರಲಿ: ಫೆರಸ್ ಸಲ್ಫೇಟ್ ಮತ್ತು ಪೆರಾಕ್ಸೈಡ್. ಅದು ಹೊಳೆಯದಿದ್ದರೆ ಉಳಿದ ನಳಿಕೆಗಳ ಕತ್ತಲೆಗೂ ಬೆಲೆಯಿಲ್ಲ.

ಇಲ್ಲಿ ಟ್ರಿಸ್ ಬಫರನ್ನು ಬಿಡಬೇಕು. ಹಂತ 6ರಲ್ಲಿ ನಮ್ಮನ್ನು ಕಾಪಾಡಿದ ಟ್ರಿಸ್ಸೇ ಇಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ತಾನು ನುಂಗಿ ಕಣ ನಿರಪರಾಧಿ ಎಂದು ತೋರಿಸುತ್ತದೆ. ಬಫರಿಲ್ಲದೆ ಪಿಎಚ್ ಅನ್ನು 7.4ಕ್ಕೆ ತಂದು, ಕೊನೆಯಲ್ಲಿ ಮತ್ತೊಮ್ಮೆ ಅಳೆದು ಅಲ್ಲೇ ನಿಂತಿದೆಯೇ ನೋಡಿ.

ಆಮ್ಲೀಯ ಭಾಗಕ್ಕೆ ಟಿಎಂಬಿ ಪರೀಕ್ಷೆ. ಟಿಎಂಬಿ ಎಂದರೆ ಉತ್ಕರ್ಷಣೆಯಾದಾಗ ನೀಲಿಯಾಗುವ ರಾಸಾಯನಿಕ. ಪಿಎಚ್ 4ರ ಅಸಿಟೇಟ್ ಬಫರಿನಲ್ಲಿ ಟಿಎಂಬಿ ಹಾಕಿ, ಪೆರಾಕ್ಸೈಡು ಹಾಕದೆ, ಬರೀ ಕಣ ಸೇರಿಸಿ. ಸೀರಿಯಂ ಕಣ ಅದನ್ನು ನೀಲಿ ಮಾಡುತ್ತದೆ, 652 ನ್ಯಾನೊಮೀಟರಿನಲ್ಲಿ ಅಳೆಯಬಹುದು. ಅಂದರೆ ತಟಸ್ಥ ನೀರಿನಲ್ಲಿ ಉರಿ ಆರಿಸುವ ಅದೇ ಕಣ ಆಮ್ಲದಲ್ಲಿ ತಾನೇ ಉತ್ಕರ್ಷಿಸುತ್ತದೆ. 2009ರಲ್ಲೇ ವರದಿಯಾದ ಗುಣವಿದು. ಇದನ್ನು ಮೊದಲ ಸಲ ತಮ್ಮ ಕಣ್ಣಾರೆ ಕಂಡ ಮಕ್ಕಳ ಮುಖ ಬಾಡುತ್ತದೆ, ಪ್ರಾಜೆಕ್ಟು ಕೆಟ್ಟಿತು ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಪಿಎಚ್ 4, 5, 6, 7.4 ನಾಲ್ಕರಲ್ಲೂ ಎರಡೂ ಪರೀಕ್ಷೆ ಮಾಡಿ ಒಂದೇ ಗ್ರಾಫಿನಲ್ಲಿ ಹಾಕಿ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ಸಾರ ಆ ಒಂದು ಗ್ರಾಫು.

ಹಂತ 9: ಜೀವಕೋಶಕ್ಕೆ ಹೋಗುವ ಮೊದಲು

ಇದನ್ನು ಕಾಲೇಜಿನಲ್ಲಿ ಮಾಡಬೇಡಿ. ಗಣೇಶಖಿಂಡದ ಆವರಣದಲ್ಲೇ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವಿದೆ. ಅಂಥ ಕಡೆ ಕೋಶ ಬೆಳೆಸುವ ಕೈಗಳಿರುವವರ ಜೊತೆ ಸೇರಿ ಮಾಡಿ. ಹೋಗುವಾಗ ಎರಡು ಪ್ರಶ್ನೆ ಜೊತೆಗಿರಲಿ. ಕೋಶ ಬೆಳೆಸುವ ದ್ರವದಲ್ಲಿ ಫಾಸ್ಫೇಟೂ ರಕ್ತಸಾರದ ಪ್ರೋಟೀನೂ ಇರುತ್ತವೆ, ಅವು ಅಂಟಿದ ಮೇಲೆ ಕಣದ ಚಟುವಟಿಕೆ ಎಷ್ಟು ಉಳಿಯಿತು? ಕೋಶದೊಳಗಿನ ಪೆರಾಕ್ಸೈಡು ತೋರಿಸುವ ಡಿಸಿಎಫ್ ಬಣ್ಣವನ್ನು ಕಣ ತಾನೇ ಹೊಳೆಯಿಸುತ್ತದೆಯೇ? ಕೋಶವಿಲ್ಲದ ನಳಿಕೆಯಲ್ಲಿ ಎರಡನ್ನೂ ನೀವೇ ನೋಡಿಕೊಂಡು ಹೋದರೆ ಅವರ ಒಂದು ವಾರ ಉಳಿಯುತ್ತದೆ.

ಹಂತ 10: ಸೀಸೆ ಮತ್ತು ದಿನಾಂಕ

ಕಣವನ್ನು ಗಾಜಿನ ಸೀಸೆಯಲ್ಲಿ, ಕತ್ತಲಲ್ಲಿ, ನೀರಿನಲ್ಲೇ ಇಡಿ. ಚೀಟಿಯ ಮೇಲೆ ತಯಾರಿಸಿದ ದಿನ, ಪಿಎಚ್, ಸಾಂದ್ರತೆ, ಸೀರಿಯಂ ನೈಟ್ರೇಟಿನ ಬ್ಯಾಚ್ ಸಂಖ್ಯೆ. ಕಣ ಕುದಿಸಿದರೂ ಸಾಯುವುದಿಲ್ಲ ನಿಜ, ಆದರೆ ಮುದಿಯಾಗುತ್ತದೆ. ನಿಂತಲ್ಲೇ ಒಂದಕ್ಕೊಂದು ಅಂಟಿ ಗುಂಪಾಗುತ್ತದೆ, ಮೇಲ್ಮೈಯ ಸೀರಿಯಂ-3, ಸೀರಿಯಂ-4ರ ಪಾಲು ಬದಲಾಗುತ್ತದೆ. ತಿಂಗಳಿಗೊಮ್ಮೆ ಅದೇ ಸೀಸೆಯಿಂದ 1 ಮಿಲಿ ಲೀಟರ್ ತೆಗೆದು ಗುಳ್ಳೆಯ ಪರೀಕ್ಷೆ ಮತ್ತೆ ಮಾಡಿ, ಹಿಂದಿನ ಅಂಕಿಯ ಪಕ್ಕದಲ್ಲೇ ಬರೆಯಿರಿ. ನನ್ನ ಕಪಾಟಿನಲ್ಲಿ ಹೋದ ಆಗಸ್ಟಿನ ಒಂದು ಸೀಸೆ ಇದೆ, ಜಮಖಂಡಿಯ ಹುಡುಗಿ ಕಟ್ಟಿದ ಚೀಟಿ, ಅವಳದೇ ಅಕ್ಷರ. ಅದರ ಮುಂದಿನ ಅಳತೆ ಬರುವ ಸೋಮವಾರ.